ಸಾಕಿದ ಕೋಳಿಯನ್ನು ಮೊದಲ ಸಲ ಕೊಯ್ಯುವುದು: ನಿಮ್ಮ ಕೈಯಲ್ಲೋ, ಮುಲ್ಲಾರ ಕೈಯಲ್ಲೋ, ಅಂಗಡಿಯಲ್ಲೋ?

ಕೋಳಿ ಕೊಯ್ಯುವುದು ಒಂದು ನಿಮಿಷದ ಕೆಲಸ. ಪುಕ್ಕ ತೆಗೆದು, ಹೊಟ್ಟೆ ಹಸನು ಮಾಡಿ, ತುಂಡರಿಸಿ, ಮಾಂಸವನ್ನು ತಂಪಿಗೆ ಸೇರಿಸುವುದು ಹೊಸಬರಿಗೆ ಮುಕ್ಕಾಲು ಗಂಟೆಯ ಕೆಲಸ. ಮೊದಲ ಬಾರಿ ಮಾಂಸಕ್ಕೆಂದು ಕೋಳಿ ಸಾಕಿದವರು ಆ ಒಂದು ನಿಮಿಷದ ಬಗ್ಗೆ ವಾರಗಟ್ಟಲೆ ಚಿಂತಿಸುತ್ತಾರೆ. ಮುಕ್ಕಾಲು ಗಂಟೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಲಸ ಕೆಡುವುದು ಅಲ್ಲಿಯೇ.

ಕುಷ್ಟಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ಮೂರು ವರ್ಷಗಳ ಹಿಂದೆ ಹಿತ್ತಲಿಗೆ ಹತ್ತು ಬ್ರಾಯ್ಲರ್ ಮರಿಗಳನ್ನು ತಂದು ಬಿಟ್ಟೆವು. ಎರಡು ಸತ್ತವು, ಎಂಟು ಉಳಿದವು. ಏಪ್ರಿಲ್ ತಿಂಗಳ ಒಂದು ಭಾನುವಾರ ಎಂಟನ್ನೂ ಒಂದೇ ದಿನ ಮುಗಿಸುವುದೆಂದು ನಾನೂ ನನ್ನ ಯಜಮಾನರೂ ನಿಶ್ಚಯಿಸಿದೆವು. ನೀರು ಕಾಯಿಸಿ, ಚಾಕು ಹುಡುಕಿ, ಶುರು ಮಾಡುವಾಗಲೇ ಬೆಳಿಗ್ಗೆ ಎಂಟು ಗಂಟೆ. ನಾಲ್ಕನೆಯದರ ಹೊಟ್ಟೆ ತೆಗೆಯುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಇಳಿದಿತ್ತು, ನೊಣ ಮುತ್ತಿದ್ದವು, ಮೊದಲ ಎರಡು ಕೋಳಿಗಳನ್ನು ಮುಳುಗಿಸಿಟ್ಟಿದ್ದ ಬಕೆಟ್ಟಿನ ನೀರು ಕೈಗೆ ಬೆಚ್ಚಗೆ ತಾಗುತ್ತಿತ್ತು. ಕೊನೆಯದು ಮುಗಿದಾಗ ಮಧ್ಯಾಹ್ನ ಒಂದು ದಾಟಿತ್ತು. ಬಕೆಟ್ಟಿನಿಂದ ಎತ್ತಿದ ಆ ಎರಡರ ತೊಡೆಯ ಸಂದಿಯಲ್ಲಿ ಹುಳಿ ವಾಸನೆ. ಅತ್ತೆ ಬಗ್ಗಿ ಮೂಸಿ ನೋಡಿದರು. “ಇದನ್ನು ತಿನ್ನುವುದು ಬೇಡವ್ವಾ, ಹೂಳಿಬಿಡು” ಎಂದರು.

ಆರು ವಾರ ಕಾಳು ಹಾಕಿ, ರಾತ್ರಿ ಬೆಕ್ಕು ಬಂತೇನೋ ಎಂದು ಎದ್ದು ನೋಡಿ ಸಾಕಿದ ಕೋಳಿಗಳನ್ನು ಹಾಗೆ ಮಣ್ಣಿಗೆ ಹಾಕಿದ ಸಂಕಟ ನನಗೆ ಇಂದಿಗೂ ಹೋಗಿಲ್ಲ. ಕೊಲ್ಲುವುದಕ್ಕಿಂತ, ಕೊಂದು ಕೆಡಿಸುವುದು ದೊಡ್ಡ ತಪ್ಪು ಎಂದೇ ನಾನು ನಂಬುತ್ತೇನೆ. ಅಲ್ಲಿಂದ ಈಚೆಗೆ ಮೂರೂ ದಾರಿಗಳನ್ನು ನೋಡಿದ್ದೇನೆ: ಮುಲ್ಲಾರನ್ನು ಕರೆಸಿದ್ದೇವೆ, ಪೇಟೆಯ ಅಂಗಡಿಗೆ ಒಯ್ದಿದ್ದೇವೆ, ನಾವೇ ಕೊಯ್ದಿದ್ದೇವೆ. ಯಾವುದು ಯಾರಿಗೆ ಸರಿ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಯಾರ ಕೈಯಲ್ಲಿ?

ನಮ್ಮ ಕಡೆ ಅನೇಕ ಊರುಗಳಲ್ಲಿ ಹಿಂದೂ ಮನೆಗಳವರೂ ಕುರಿ, ಕೋಳಿ ಕೊಯ್ಯಲು ಮುಲ್ಲಾರನ್ನೇ ಕರೆಯುತ್ತಾರೆ. ಇದು ಅಜ್ಜಂದಿರ ಕಾಲದಿಂದ ಬಂದ ರೂಢಿ, ಇದರ ಹಿಂದೆ ತಿಳಿವಳಿಕೆಯೂ ಇದೆ. ನೂರಾರು ಸಲ ಮಾಡಿದ ಕೈ ನಡುಗುವುದಿಲ್ಲ. ಅವರ ಚಾಕು ಯಾವಾಗಲೂ ಹರಿತವಾಗಿರುತ್ತದೆ. ನಮ್ಮೂರಿನ ಮುಲ್ಲಾ ಚಾಚಾ ಬಂದಾಗ ಮೊದಲು ಕೇಳುವುದು “ಕೋಳಿಗೆ ನೀರು ಕುಡಿಸಿದ್ದೀರಾ ತಾಯಿ?” ಎಂದು. ಆಮೇಲೆ ಅದನ್ನು ಬಗಲಲ್ಲಿ ಹಿಡಿದು, ಬೆನ್ನು ಸವರಿ, ಅದು ಸುಮ್ಮನಾದ ಮೇಲೆಯೇ ಮಲಗಿಸುತ್ತಾರೆ. ಇನ್ನೊಂದು ಕೋಳಿ ನೋಡುವಂತೆ ಕೊಯ್ಯುವುದಿಲ್ಲ, ಅದರ ಕಣ್ಣಿನ ಮುಂದೆ ಚಾಕು ಮಸೆಯುವುದೂ ಇಲ್ಲ. ಅಲ್ಲಾಹನ ಹೆಸರು ಹೇಳಿ ಒಂದೇ ಸಲಕ್ಕೆ ಶ್ವಾಸನಾಳ, ಅನ್ನನಾಳ, ಎರಡೂ ಬದಿಯ ರಕ್ತನಾಳಗಳು ತುಂಡಾಗುವಂತೆ ಎಳೆಯುತ್ತಾರೆ, ತಲೆ ಬೇರ್ಪಡದಂತೆ ನಿಲ್ಲಿಸುತ್ತಾರೆ. ಈ ದಾರಿಯ ಇನ್ನೊಂದು ಲಾಭ ಪಂಕ್ತಿಯದು. ಮುಸ್ಲಿಂ ನೆರೆಹೊರೆಯವರೂ ನಿಮ್ಮ ಮನೆಯಲ್ಲಿ ಕುಳಿತು ಉಣ್ಣಬಹುದು.

ಇದರ ತೊಡಕು ಸಮಯ. ಯುಗಾದಿಯ ಕರಿ (ಹಬ್ಬದ ಮರುದಿನ), ದಸರೆಯ ಕರಿ, ಊರ ಜಾತ್ರೆಯ ದಿನ ನಿಮಗಿಂತ ಮುಂಚೆ ಹತ್ತು ಮನೆಯವರು ಅವರನ್ನು ಕರೆದಿರುತ್ತಾರೆ. ಬೆಳಗಿನ ಐದಕ್ಕೆ ಬೇಕಾದವರು ಹತ್ತಕ್ಕೆ ಬಂದರೆ ಬೇಸಿಗೆಯಲ್ಲಿ ಕೆಲಸವೆಲ್ಲ ಬಿಸಿಲಿಗೆ ಸಿಕ್ಕುತ್ತದೆ. ಅವರು ಮಾಡಿಕೊಡುವುದು ಆ ಒಂದು ನಿಮಿಷದ ಕೆಲಸವನ್ನು ಮಾತ್ರ ಎಂಬುದನ್ನೂ ಮರೆಯಬೇಡಿ. ಪುಕ್ಕ, ಹೊಟ್ಟೆ, ತುಂಡು, ತಂಪು ಎಲ್ಲವೂ ನಿಮ್ಮ ಪಾಲಿನದೇ.

ಅಂಗಡಿಯ ದಾರಿ ಇದಕ್ಕೆ ಪೂರ್ತಿ ಎದುರು. ಕುಷ್ಟಗಿ, ಸಿಂಧನೂರು, ಗಂಗಾವತಿಯಂಥ ಪೇಟೆಗಳ ಕೋಳಿ ಅಂಗಡಿಯಲ್ಲಿ ಬಿಸಿನೀರು ಸದಾ ಸಿದ್ಧವಿರುತ್ತದೆ. ಕೆಲವು ಕಡೆ ರಬ್ಬರ್ ಬೆರಳುಗಳಿರುವ ಡ್ರಮ್ಮಿನ ಯಂತ್ರವೂ ಇರುತ್ತದೆ. ಅದರೊಳಗೆ ಹಾಕಿದರೆ ಅರ್ಧ ನಿಮಿಷದಲ್ಲಿ ಪುಕ್ಕ ಉದುರುತ್ತದೆ. ಹತ್ತು ನಿಮಿಷದಲ್ಲಿ ತುಂಡು ಮಾಡಿದ ಮಾಂಸ ಚೀಲದಲ್ಲಿ. ಕೈ ಕೊಳೆಯಾಗುವುದಿಲ್ಲ, ಅಂಗಳ ತೊಳೆಯುವ ಕೆಲಸವಿಲ್ಲ, ಹೂಳುವುದಕ್ಕೆ ಗುಂಡಿಯೂ ಬೇಡ.

ಆದರೆ ಅಲ್ಲಿಗೆ ಹೋಗುವ ದಾರಿಯೇ ಕಷ್ಟ. ಕಾಲು ಕಟ್ಟಿ ಬೈಕಿನ ಹಿಡಿಕೆಗೆ ತಲೆಕೆಳಗಾಗಿ ತೂಗುಬಿಟ್ಟು ಒಯ್ಯುವುದನ್ನು ನಾವು ದಿನವೂ ನೋಡುತ್ತೇವೆ. ನೀವು ಹಾಗೆ ಮಾಡಬೇಡಿ. ರಸ್ತೆಯ ಕಾವಿನಲ್ಲಿ ರೆಕ್ಕೆ ಬಡಿದು, ಉಸಿರು ಕಟ್ಟಿ, ತೊಡೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬ್ರಾಯ್ಲರ್‌ಗಂತೂ ಬಿಸಿಲು ತಡೆಯುವ ಶಕ್ತಿಯೇ ಕಡಿಮೆ, ಅಂಗಡಿ ತಲುಪುವ ಮುಂಚೆ ದಾರಿಯಲ್ಲಿಯೇ ಸಾಯಬಹುದು. ಗಾಳಿಯಾಡುವ ಬುಟ್ಟಿಯಲ್ಲಿ, ಹೊತ್ತು ಮೂಡುವ ಮುಂಚೆ ಒಯ್ಯಿರಿ. ಭಾನುವಾರದ ಗದ್ದಲದಲ್ಲಿ ನಿಮ್ಮ ಕೋಳಿ ಯಾವುದು, ಇನ್ನೊಬ್ಬರದು ಯಾವುದು ಎಂಬುದು ಕಲೆಸಿಹೋಗಬಹುದು. ನಿಮ್ಮದು ಮುಗಿಯುವವರೆಗೆ ಎದುರಿಗೇ ನಿಲ್ಲಿ. ಲಿವರ್, ಜಠರ, ಕಾಲು ಬೇಕಿದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ತ್ಯಾಜ್ಯದ ಡ್ರಮ್ಮಿಗೆ ಹೋಗಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ಅಂಗಡಿಗೆ ಒಯ್ದ ಕೋಳಿಯನ್ನು ಯಾವ ಕಾರಣಕ್ಕೂ ಜೀವಂತ ವಾಪಸು ತಂದು ಗೂಡಿಗೆ ಬಿಡಬೇಡಿ. ಹತ್ತು ಕಡೆಯ ಕೋಳಿ ಸೇರುವ ಜಾಗದಿಂದ ರೋಗ ನಿಮ್ಮ ಹಿತ್ತಲಿಗೆ ಬರುವುದು ಹೀಗೆಯೇ. ಒಯ್ದ ಬುಟ್ಟಿಯನ್ನೂ ತೊಳೆದು ಬಿಸಿಲಿಗೆ ಒಣಹಾಕಿ.

ನೀವೇ ಕೊಯ್ಯುವ ದಾರಿಯಲ್ಲಿ ಕೋಳಿ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ಹೊತ್ತು ನಿಮ್ಮ ಕೈಯಲ್ಲಿರುತ್ತದೆ, ಯಾವ ಭಾಗವೂ ದಂಡವಾಗುವುದಿಲ್ಲ. ಆದರೆ ಅರ್ಧ ಮನಸ್ಸಿನವರಿಗೆ ಇದು ದಾರಿಯಲ್ಲ. ಚಾಕು ಹಿಡಿದ ಮೇಲೆ ಕೈ ಹಿಂದೆಗೆದರೆ ನೋವು ಅನುಭವಿಸುವುದು ಕೋಳಿ.

ನನ್ನ ತೀರ್ಮಾನ ಇಷ್ಟು. ಮೊದಲ ತಂಡದ ಕೋಳಿಗಳಿಗೆ ಮುಲ್ಲಾರನ್ನೋ ಕೈ ಪಳಗಿದ ನೆಂಟರನ್ನೋ ಕರೆದು ಕೊಯ್ಯಿಸಿ. ಉಳಿದ ಮುಕ್ಕಾಲು ಗಂಟೆಯ ಕೆಲಸವನ್ನು ನೀವೇ ಮಾಡಿ. ಎರಡನ್ನೂ ಒಂದೇ ದಿನ ಕಲಿಯಲು ಹೊರಟವರಿಗೆ ಎರಡೂ ಕೆಡುತ್ತವೆ, ನಮಗೆ ಕೆಟ್ಟಿದ್ದೂ ಹಾಗೆಯೇ. ಹತ್ತಿರ ನಿಂತು ನಾಲ್ಕು ಸಲ ನೋಡಿದ ಮೇಲೆ ಎರಡನೆಯ ತಂಡಕ್ಕೆ ಚಾಕು ನಿಮ್ಮ ಕೈಗೆ ಬರಲಿ. ಮನೆಯಲ್ಲಿ ಒಬ್ಬರೇ ಇದ್ದರೆ, ಫ್ರಿಜ್ ಇಲ್ಲದಿದ್ದರೆ, ಕೋಳಿಗಳು ಆರಕ್ಕಿಂತ ಹೆಚ್ಚಿದ್ದು ಎಲ್ಲವನ್ನೂ ಒಂದೇ ದಿನ ಮುಗಿಸಲೇಬೇಕಿದ್ದರೆ, ಅಂಗಡಿಯೇ ಸರಿ. ಅದರಲ್ಲಿ ಸಣ್ಣತನವೇನೂ ಇಲ್ಲ.

ಕೊಯ್ಯುವ ಬಗೆ

ನೀವೇ ಕೊಯ್ಯುವುದಾದರೆ ಮೂರು ಬಗೆಗಳ ನಡುವೆ ಆಯ್ಕೆ. ಕುತ್ತಿಗೆ ಮುರಿಯುವುದು ಮೊದಲನೆಯದು. ಬಲ್ಲವರ ಕೈಯಲ್ಲಿ ಇದು ಕ್ಷಣದ ಕೆಲಸ, ಚಾಕು ಕೂಡ ಬೇಡ. ಆದರೆ ಎಷ್ಟು ಎಳೆಯಬೇಕು, ಎಲ್ಲಿ ತಿರುಗಿಸಬೇಕು ಎಂಬುದು ಕೈಗೆ ಗೊತ್ತಿರಬೇಕು. ಬಲಿತ ಜವಾರಿ (ನಾಟಿ) ಹುಂಜದ ಕುತ್ತಿಗೆ ಹೊಸಬರ ಕೈಗೆ ಬಗ್ಗುವುದಿಲ್ಲ. ರಕ್ತ ಸರಿಯಾಗಿ ಹೊರಬರದೆ ಮಾಂಸ ಕಪ್ಪಾಗುತ್ತದೆ. ಮೊದಲ ಸಲದವರಿಗೆ ಇದು ಬೇಡ.

ಮರದ ತುಂಡಿನ ಮೇಲೆ ತಲೆಯಿಟ್ಟು ಮಚ್ಚಿನಿಂದ ಕಡಿಯುವುದು ಎರಡನೆಯದು. ಸರಿಯಾಗಿ ಬಿದ್ದರೆ ಅಷ್ಟು ಬೇಗ ಮುಗಿಯುವ ಬಗೆ ಇನ್ನೊಂದಿಲ್ಲ. ಆದರೆ ಕೋಳಿ ತಲೆ ಎಳೆದುಕೊಳ್ಳುತ್ತದೆ, ಹಿಡಿದವರ ಬೆರಳು ಹತ್ತಿರವೇ ಇರುತ್ತದೆ. ಕಡಿದ ಮೇಲೆ ಕೈತಪ್ಪಿದ ಮುಂಡ ಅಂಗಳವೆಲ್ಲ ಹಾರಾಡಿ ರೆಕ್ಕೆ ಮುರಿದುಕೊಳ್ಳುತ್ತದೆ. ಮಕ್ಕಳು ಅದನ್ನು ನೋಡಿದರೆ ಬಹಳ ದಿನ ಮರೆಯುವುದಿಲ್ಲ.

ಮೂರನೆಯದು ಕೊಳವೆ ಮತ್ತು ಚಾಕು. ನಮ್ಮ ಕಡೆ ಇದು ಅಷ್ಟಾಗಿ ಬಳಕೆಯಲ್ಲಿಲ್ಲ, ಆದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅಡುಗೆ ಎಣ್ಣೆಯ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನ ತಳ ಕತ್ತರಿಸಿ, ಬಾಯಿಯನ್ನು ಕೋಳಿಯ ತಲೆ, ಕುತ್ತಿಗೆ ತೂರುವಷ್ಟು ಅಗಲ ಮಾಡಿ, ತಲೆಕೆಳಗಾಗಿ ಬೇವಿನ ಮರಕ್ಕೆ ಎರಡು ಮೊಳೆ ಹೊಡೆದು ನಿಲ್ಲಿಸಿ. ದೊಡ್ಡ ಹುಂಜಕ್ಕೆ ಅದು ಸಾಲುವುದಿಲ್ಲ, ತಗಡಿನ ಕೆಲಸದವರಿಂದ ಕೊಳವೆ ಮಾಡಿಸಿಕೊಳ್ಳಿ. ಕೋಳಿಯನ್ನು ಇದರೊಳಗೆ ಇಳಿಸಿದರೆ ರೆಕ್ಕೆ ಮೈಗೆ ಒತ್ತಿಕೊಂಡು ಅದು ತಾನಾಗಿ ಸುಮ್ಮನಾಗುತ್ತದೆ. ಬಡಿದಾಟವಿಲ್ಲ, ಹಿಡಿಯಲು ಇನ್ನೊಬ್ಬರು ಬೇಡ, ರಕ್ತ ಕೆಳಗಿಟ್ಟ ಪಾತ್ರೆಗೆ ನೇರವಾಗಿ ಬೀಳುತ್ತದೆ.

ಎಡಗೈಯಲ್ಲಿ ತಲೆ ಹಿಡಿದು ಮೆಲ್ಲಗೆ ಕೆಳಗೆ ಎಳೆಯಿರಿ. ಕುತ್ತಿಗೆಯ ತೊಗಲು ಬಿಗಿಯಾಗುತ್ತದೆ. ಹೆಬ್ಬೆರಳಿನಿಂದ ದವಡೆಯ ಹತ್ತಿರದ ಪುಕ್ಕವನ್ನು ಹಿಂದಕ್ಕೆ ಸರಿಸಿ, ತೊಗಲು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಿ. ನನ್ನ ಮೊದಲ ಕೋಳಿಯಲ್ಲಿ ನಾನು ತಪ್ಪಿದ್ದು ಇಲ್ಲಿ. ಪುಕ್ಕದ ಮೇಲೆಯೇ ಚಾಕು ಎಳೆದೆ, ಅದು ಜಾರಿತು, ಕೋಳಿ ಒಮ್ಮೆ ಕಣ್ಣು ಅರಳಿಸಿ ನನ್ನನ್ನು ನೋಡಿತು, ಎರಡನೆಯ ಸಲ ಎಳೆಯಬೇಕಾಯಿತು. ಆ ನೋಟ ಮರೆಯುವಂಥದಲ್ಲ. ದವಡೆಯ ಕೆಳಗೆ, ಕುತ್ತಿಗೆ ಶುರುವಾಗುವಲ್ಲಿ, ಒತ್ತಿ ಎಳೆಯಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಬಾರದು. ಎರಡೂ ಬದಿಯ ನಾಳಗಳು ತುಂಡಾದರೆ ರಕ್ತ ಧಾರೆಯಾಗಿ ಬರುತ್ತದೆ. ತೊಟ್ಟಿಕ್ಕುತ್ತಿದ್ದರೆ ನಾಳ ಸಿಕ್ಕಿಲ್ಲವೆಂದು ಅರ್ಥ. ತಡಮಾಡದೆ ಇನ್ನೊಮ್ಮೆ ಕೊಯ್ಯಿರಿ.

ಸ್ವಲ್ಪ ಹೊತ್ತಿನಲ್ಲಿ ಪ್ರಜ್ಞೆ ಹೋಗುತ್ತದೆ. ಆಮೇಲಿನ ಒದ್ದಾಟ ನರಗಳ ಸೆಳೆತ, ಅದನ್ನು ಕಂಡು ಗಾಬರಿಯಾಗಬೇಡಿ. ಆದರೂ ಎರಡು ನಿಮಿಷ ಪೂರ್ತಿ ಕಾಯಿರಿ. ಕಣ್ಣಿನ ಗುಡ್ಡೆಯನ್ನು ಬೆರಳಿನಿಂದ ಮುಟ್ಟಿದಾಗ ರೆಪ್ಪೆ ಮಿಟುಕಬಾರದು, ಉಸಿರಾಟ ಕಾಣಬಾರದು. ಅದಕ್ಕೆ ಮುಂಚೆ ಬಿಸಿನೀರಿಗೆ ಅದ್ದುವುದು ಮಹಾಪಾಪ. ಗದ್ದಲದ ದಿನಗಳಲ್ಲಿ ಹಾಗೆ ಅದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವಸರದವರಿಗೆ ಈ ಎರಡು ನಿಮಿಷವನ್ನು ಬಿಟ್ಟುಕೊಡಲೇಬೇಡಿ.

ಚಾಕುವಿನ ಬಗ್ಗೆ ಒಂದು ಮಾತು. ಈಳಿಗೆಗೂ ತರಕಾರಿ ಚಾಕುವಿಗೂ ಇದು ಕೆಲಸವಲ್ಲ. ಅಲುಗು ಅಂಗೈಯಷ್ಟಾದರೂ ಉದ್ದವಿರಲಿ. ಹಿಂದಿನ ದಿನವೇ ಸಾಣೆ ಹಿಡಿಸಿ. ದಿನಪತ್ರಿಕೆಯ ಒಂದು ಹಾಳೆಯನ್ನು ಗಾಳಿಯಲ್ಲಿ ಹಿಡಿದು ಅಂಚಿಗೆ ಚಾಕು ಎಳೆದರೆ ಸದ್ದಿಲ್ಲದೆ ಸೀಳಬೇಕು. ಹಾಳೆ ಹರಿದರೆ ಚಾಕು ಇನ್ನೂ ಮೊಂಡಾಗಿದೆ.

ಪುಕ್ಕ: ತೊಗಲಿನೊಡನೆ ಸುಲಿಯುವುದೋ, ಅದ್ದಿ ಕೀಳುವುದೋ?

ಬ್ರಾಯ್ಲರ್ ಆದರೆ ತೊಗಲಿನೊಡನೆಯೇ ಸುಲಿದುಬಿಡಿ. ಎದೆಯ ಮೇಲೆ ತೊಗಲನ್ನು ಚಿವುಟಿ ಎತ್ತಿ ಸಣ್ಣಗೆ ಸೀಳಿದರೆ ಬೆರಳು ತೂರಿಸಿ ಅಂಗಿ ಕಳಚಿದಂತೆ ಎಳೆಯಬಹುದು. ಬಿಸಿನೀರು ಬೇಡ, ಸೌದೆ ಬೇಡ, ಐದು ನಿಮಿಷ ಸಾಕು. ರೆಕ್ಕೆಯ ತುದಿಯಲ್ಲಿ ಸುಲಿಯಲು ಕಷ್ಟ, ಅದನ್ನು ಕತ್ತರಿಸಿ ಬಿಡಿ. ಕೈಗೆ ಸಿಗುವ ತೂಕ ಮಾತ್ರ ಕಡಿಮೆಯಾಗುತ್ತದೆ. ಎರಡು ಕಿಲೋ ತೂಗುವ ಕೋಳಿಯನ್ನು ಪುಕ್ಕ ಕಿತ್ತು ಹಸನು ಮಾಡಿದರೆ ಸುಮಾರು 1.4 ಕಿಲೋ ದೊರೆಯುತ್ತದೆ. ತೊಗಲು, ಅದರಡಿಯ ಕೊಬ್ಬು ಹೋದರೆ ಅದಕ್ಕಿಂತ ಕಡಿಮೆ. ಬ್ರಾಯ್ಲರ್ ತೊಗಲಿನಲ್ಲಿ ರುಚಿಗಿಂತ ಕೊಬ್ಬೇ ಹೆಚ್ಚಿರುವುದರಿಂದ ನನಗೆ ಅದು ನಷ್ಟವೆಂದು ಅನಿಸಿಲ್ಲ.

ಜವಾರಿ ಕೋಳಿಯ ತೊಗಲು ಸುಲಿಯುವುದು ಮಾತ್ರ ದೊಡ್ಡ ನಷ್ಟ. ಆ ಸಾರಿನ ರುಚಿ ಅರ್ಧ ಇರುವುದೇ ಸುಟ್ಟ ತೊಗಲಿನಲ್ಲಿ. ಅದಕ್ಕೆ ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕೀಳಬೇಕು. ನೀರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಳೆಯುವ ಉಪಕರಣ ಇಲ್ಲದಿದ್ದರೂ ಚಿಂತೆಯಿಲ್ಲ: ಹಂಡೆಯಲ್ಲಿ ಕುದಿಯುವ ನೀರು ಒಂದು ಕೊಡ, ತಣ್ಣೀರು ಒಂದು ಕೊಡ ಸಮಸಮವಾಗಿ ಬೆರೆಸಿದರೆ ಹೆಚ್ಚುಕಡಿಮೆ ಅಷ್ಟೇ ಕಾವು ಬರುತ್ತದೆ. ಬೇಸಿಗೆಯಲ್ಲಿ ಮಹಡಿಯ ಟ್ಯಾಂಕಿನ ನೀರೇ ಕಾದಿರುತ್ತದೆ, ಆಗ ತಣ್ಣೀರನ್ನು ತುಸು ಹೆಚ್ಚು ಹಾಕಿ. ಕಾಲು ಹಿಡಿದು ಪೂರ್ತಿ ಮುಳುಗಿಸಿ, ಪುಕ್ಕದ ಬುಡಕ್ಕೆ ನೀರು ಇಳಿಯುವಂತೆ ಆಡಿಸಿ. ಎಳೆಯದಕ್ಕೆ ಅರ್ಧ ನಿಮಿಷ, ಬಲಿತದ್ದಕ್ಕೆ ಒಂದು ನಿಮಿಷ. ರೆಕ್ಕೆಯ ದೊಡ್ಡ ಗರಿಯನ್ನು ಎಳೆದು ನೋಡಿ, ಸಲೀಸಾಗಿ ಬಂದರೆ ಹೊರಗೆ ತೆಗೆಯಿರಿ. ಕುದಿಯುವ ನೀರನ್ನೇ ಸುರಿದರೆ ತೊಗಲು ಬೆಂದು, ಪುಕ್ಕ ಎಳೆದಾಗ ತೊಗಲೂ ಹರಿದು ಬರುತ್ತದೆ.

ಪುಕ್ಕ ಕಿತ್ತ ಮೇಲೂ ಕೂದಲಿನಂಥ ಸಣ್ಣ ಎಳೆಗಳು ಉಳಿಯುತ್ತವೆ. ಅವುಗಳಿಗಾಗಿ ಬೆಂಕಿ. ಅತ್ತೆ ಒದ್ದೆ ಅರಿಶಿನವನ್ನು ಮೈಗೆಲ್ಲ ಸವರಿ, ಒಣಗಿದ ಜೋಳದ ದಂಟಿನ ಹಿಡಿಗೆ ಬೆಂಕಿ ಹಚ್ಚಿ, ಉರಿಯ ಮೇಲೆ ಕೋಳಿಯನ್ನು ತಿರುಗಿಸುತ್ತಾ ಹೋಗುತ್ತಾರೆ. ಒಂದೇ ಕಡೆ ನಿಲ್ಲಿಸುವುದಿಲ್ಲ. ಎಳೆಗಳು ಸುಟ್ಟು, ತೊಗಲು ಬಿಗಿದು, ಹೊಂಬಣ್ಣಕ್ಕೆ ತಿರುಗುವಾಗ ಬರುವ ವಾಸನೆಗೆ ಓಣಿಯ ಮಕ್ಕಳು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹತ್ತಿಯ ಕಟ್ಟಿಗೆಯೂ ಆದೀತು. ಸೀಮೆಎಣ್ಣೆ, ಪ್ಲಾಸ್ಟಿಕ್, ಟೈರಿನ ತುಂಡು ಬೇಡವೇ ಬೇಡ, ಆ ಹೊಗೆಯ ವಿಷ ತೊಗಲಿಗೆ ಹತ್ತುತ್ತದೆ. ಸುಟ್ಟ ಮೇಲೆ ಚಾಕುವಿನ ಬೆನ್ನಿನಿಂದ ಕೆರೆದು ತೊಳೆಯಿರಿ.

ಗಿರಿರಾಜ, ಸ್ವರ್ಣಧಾರದಂಥ ತಳಿಗಳದು ನಡುವಿನ ಲೆಕ್ಕ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಈ ಕೋಳಿಗಳು ಹಿತ್ತಲಲ್ಲಿ ಜವಾರಿಯಂತೆ ಕೆದಕಿ ತಿಂದು ಬೆಳೆಯುತ್ತವೆ, ತೂಕ ಮಾತ್ರ ಬೇಗ ಬರುತ್ತದೆ. ಎರಡೂವರೆ, ಮೂರು ತಿಂಗಳಿನದಾದರೆ ಪುಕ್ಕ ಕಿತ್ತು ಸುಡಿ.

ಹೊಟ್ಟೆ ತೆಗೆಯುವುದು

ಇಡೀ ಕೋಳಿಯನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಿಂದ ಕೈ ತೂರಿಸಿ ಕರುಳು ಎಳೆಯುವುದು ಒಂದು ಬಗೆ. ತಂದೂರಿಗೆ ಇಡಿಯಾಗಿ ಬೇಕಾದವರು ಹೀಗೆ ಮಾಡುತ್ತಾರೆ. ಸಾರಿಗೆ ತುಂಡು ಮಾಡುವ ನಮಗೆ ಅದು ಅನವಶ್ಯಕ ಕಷ್ಟ, ಕಾಣದ ಜಾಗದಲ್ಲಿ ಕೈಯಾಡಿಸುವಾಗ ಪಿತ್ತ ಒಡೆಯುವ ಭಯವೂ ಇದೆ. ಹೊಸಬರು ಪುಸ್ತಕ ತೆರೆದಂತೆ ತೆರೆಯಿರಿ. ತಲೆ, ಕಾಲು ತೆಗೆದ ಮೇಲೆ ಎದೆಮೂಳೆಯ ತುದಿಯ ಕೆಳಗೆ ತೊಗಲನ್ನು ಎತ್ತಿ ಹಿಡಿದು ತೆಳುವಾಗಿ ಸೀಳಿ, ಎರಡೂ ಪಕ್ಕೆಗಳನ್ನು ಕತ್ತರಿಯಿಂದ ಕತ್ತರಿಸಿಕೊಂಡು ಹೋಗಿ ಎದೆಯ ಭಾಗವನ್ನು ಮೇಲಕ್ಕೆತ್ತಿ. ಒಳಗಿನದೆಲ್ಲ ಕಣ್ಣೆದುರಿಗೇ ಇರುತ್ತದೆ.

ಮೊದಲು ಕುತ್ತಿಗೆಯ ಬುಡದ ಕಾಳಿನ ಚೀಲವನ್ನು ಬಿಡಿಸಿ. ಹಿಂದಿನ ರಾತ್ರಿಯಿಂದ, ಎಂಟು ಹತ್ತು ತಾಸು, ನೀರು ಬಿಟ್ಟು ಬೇರೇನೂ ಕೊಡದಿದ್ದರೆ ಅದು ಖಾಲಿಯಾಗಿರುತ್ತದೆ. ಮರೆತು ನುಚ್ಚು ಹಾಕಿದ್ದರೆ ಇಲ್ಲಿಯೇ ರಾಡಿಯಾಗುತ್ತದೆ. ಆಮೇಲೆ ಹೃದಯದಿಂದ ಕೆಳಗೆ ಎಲ್ಲವನ್ನೂ ಒಟ್ಟಾಗಿ ಎಳೆದು, ಗುದದ ಸುತ್ತ ಕತ್ತರಿಸಿ ಬೇರ್ಪಡಿಸಿ. ಲಿವರಿಗೆ ಅಂಟಿಕೊಂಡ ಹಸಿರು ಚೀಲವೇ ಪಿತ್ತ, ಕಿರುಬೆರಳಿನ ತುದಿಯಷ್ಟಿರುತ್ತದೆ. ಅದನ್ನು ಹಿಡಿದು ಎಳೆಯಬೇಡಿ, ಲಿವರಿನ ತುಸು ಭಾಗದೊಡನೆ ಕೊಯ್ದು ಬಿಸಾಡಿ. ಒಡೆದು ಹಸಿರು ತಾಗಿದ ಜಾಗವನ್ನು ಎಷ್ಟು ತೊಳೆದರೂ ಕಹಿ ಹೋಗುವುದಿಲ್ಲ, ಅಷ್ಟನ್ನು ಕತ್ತರಿಸಿಬಿಡುವುದೇ ದಾರಿ. ಕಾಳು ಅರೆಯುವ ಗಟ್ಟಿ ಜಠರವನ್ನು ಸೀಳಿ ಒಳಗಿನ ಹಳದಿ ಪೊರೆ ಸುಲಿಯಿರಿ. ಬಾಲದ ಮೇಲಿನ ಎಣ್ಣೆ ಗ್ರಂಥಿಯನ್ನು ತೆಗೆದುಹಾಕಿ, ಅದಿದ್ದರೆ ಸಾರಿಗೆ ಕಮಟು ವಾಸನೆ. ಕರುಳು ಒಡೆದರೆ ತಕ್ಷಣ ಹರಿಯುವ ನೀರಿನಲ್ಲಿ ತೊಳೆದು, ಚಾಕುವನ್ನೂ ತೊಳೆದು ಮುಂದುವರಿಯಿರಿ. ಸೊಪ್ಪು, ಈರುಳ್ಳಿ ಹೆಚ್ಚುವ ಮಣೆಯನ್ನು ಇದಕ್ಕೆ ಬಳಸಬೇಡಿ. ಕೋಳಿಯ ಕರುಳಿನ ರೋಗಾಣುಗಳು ಹಸಿಯಾಗಿ ತಿನ್ನುವ ಪದಾರ್ಥದ ಮೂಲಕವೂ ಹೊಟ್ಟೆ ಸೇರುತ್ತವೆ.

ಬಿಸಿಲಿನ ಲೆಕ್ಕ

ರಾಯಚೂರು, ಬಳ್ಳಾರಿ, ಕೊಪ್ಪಳದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಾಗಾಗಿ ಪರ ಊರಿನವರು ಹೇಳುವ “ಒಂದು ದಿನ ಎಲ್ಲವನ್ನೂ ಮುಗಿಸಿ” ಎಂಬ ಲೆಕ್ಕ ನಮಗೆ ಹೊಂದುವುದಿಲ್ಲ. ಒಂದು ಕೋಳಿಗೆ ಮುಕ್ಕಾಲು ಗಂಟೆ ಹಿಡಿದರೆ, ನಸುಕಿನ ಐದಕ್ಕೆ ಶುರು ಮಾಡಿ ಏಳರೊಳಗೆ ಮುಗಿಯುವುದು ಎರಡೇ. ಮೊದಲ ಸಲ ಎರಡೇ ಇರಲಿ. ಉಳಿದವು ಮುಂದಿನ ವಾರ. ಬ್ರಾಯ್ಲರ್ ಸಾಕಿದವರಿಗೆ ಇಲ್ಲಿ ಒಂದು ಇಕ್ಕಟ್ಟಿದೆ: ಆರು, ಏಳು ವಾರಕ್ಕೆ ಅದು ಎರಡು ಕಿಲೋ ದಾಟುತ್ತದೆ, ಆಮೇಲೆ ಬಿಟ್ಟರೆ ಕಾಲು ಸೋಲುತ್ತದೆ, ಬಿಸಿಲಿಗೆ ಕುಸಿದು ಬೀಳುತ್ತದೆ. ಹಾಗಾಗಿ ಐದನೆಯ ವಾರದ ಕೊನೆಯಿಂದಲೇ ವಾರಕ್ಕೆರಡರಂತೆ ಶುರು ಮಾಡಿ. ಜವಾರಿಗೆ ಈ ಅವಸರವಿಲ್ಲ. ಐದಾರು ತಿಂಗಳ ಹುಂಜ ಇನ್ನೊಂದು ತಿಂಗಳು ಕಾದರೂ ನಡೆಯುತ್ತದೆ, ಮಾಂಸ ಗಟ್ಟಿಯಾಗುತ್ತದೆ ಅಷ್ಟೆ. ಶ್ರಾವಣ ಹಿಡಿಯುವ ಮನೆಗಳವರು ಬ್ರಾಯ್ಲರ್ ಮರಿ ತರುವಾಗಲೇ ದಿನ ಎಣಿಸಿಕೊಳ್ಳಿ. ಮರಿ ಬಲಿಯುವ ಹೊತ್ತಿಗೆ ಶ್ರಾವಣ ಬಂದರೆ ತಿನ್ನುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ.

ತಂಪು ಮಾಡುವುದಕ್ಕೆ ಎರಡು ದಿನ ಮುಂಚೆಯೇ ಎರಡು ಲೀಟರಿನ ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿಡಿ. ಕೋಳಿಗೆ ಎರಡು ಬಾಟಲಿ. ಅವನ್ನು ಬಕೆಟ್ಟಿನ ನೀರಿಗೆ ಮುಚ್ಚಳ ಸಹಿತ ಬಿಟ್ಟರೆ ನೀರು ಕೊರೆಯುವಷ್ಟು ತಣ್ಣಗಾಗುತ್ತದೆ, ಕರಗಿದ ನೀರು ಮಾಂಸಕ್ಕೆ ಬೆರೆಯುವುದಿಲ್ಲ. ಹಸನು ಮಾಡಿದ ಕೋಳಿಯನ್ನು ತಡಮಾಡದೆ ಅದರೊಳಗೆ ಇಳಿಸಿ, ಅರ್ಧ ಗಂಟೆಯ ಮೇಲೆ ತೆಗೆದು, ನೀರು ಬಸಿದು ಫ್ರಿಜ್ಜಿನ ಅತಿ ತಂಪಾದ ಜಾಗಕ್ಕೆ ಸೇರಿಸಿ. ಕೊಯ್ದ ನಾಲ್ಕು ತಾಸಿನೊಳಗೆ ಮಾಂಸ 4 ಡಿಗ್ರಿಗೆ ಇಳಿಯಬೇಕು. ಏಪ್ರಿಲ್‌ನ ಆ ಭಾನುವಾರ ನಮ್ಮ ಬಕೆಟ್ಟಿನಲ್ಲಿ ಇದ್ದದ್ದು ಬರೀ ಟ್ಯಾಂಕಿನ ನೀರು.

ಕೂಡಲೇ ಅಡುಗೆ ಮಾಡುವುದೋ, ಇಟ್ಟು ಮಾಡುವುದೋ? ಸತ್ತ ಕೆಲವೇ ತಾಸಿನಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ, ಆಗ ಬೇಯಿಸಿದರೆ ಎಷ್ಟು ಬೆಂದರೂ ರಬ್ಬರಿನಂತೆ. ಆದ್ದರಿಂದ ಕೊಯ್ದ ಒಂದು ತಾಸಿನೊಳಗೆ ಒಲೆಗೇರಿಸಿ, ಇಲ್ಲವೇ ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆ ಕೊಯ್ದು ಮಧ್ಯಾಹ್ನಕ್ಕೆ ಅಡುಗೆಗಿಡುವುದೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ, ನಮ್ಮಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ. ಫ್ರಿಜ್ ಇಲ್ಲದ ಮನೆಯಲ್ಲಿಯೂ ಕೊಯ್ಯುವುದಾದರೆ ಒಂದು ಕೋಳಿ ಕೊಯ್ದು ಆಗಲೇ ಒಲೆಗೇರಿಸುವುದೊಂದೇ ದಾರಿ. ಫ್ರಿಜ್ಜಿನಲ್ಲಿ ಒಂದೆರಡು ದಿನ ಇಡಬಹುದು; ಅದಕ್ಕಿಂತ ಹೆಚ್ಚಿಗೆ ಇಡಬೇಕಿದ್ದರೆ ಒಂದು ರಾತ್ರಿ ಕಳೆದ ಮೇಲೆ ಫ್ರೀಜರಿಗೆ ಹಾಕಿ. ಕರೆಂಟು ತಾಸುಗಟ್ಟಲೆ ಹೋಗುವ ಊರಿನಲ್ಲಿ ಬಾಗಿಲು ತೆರೆಯದೆ ಬಿಡುವುದನ್ನು ಮಕ್ಕಳಿಗೆ ಹೇಳಿಡಬೇಕು.

ಕೊಯ್ಯಲೇಬಾರದ ಕೋಳಿ

ತೂಕಡಿಸುವ, ಮೂಗು ಸೋರುವ, ಹಸಿರು ಹಿಕ್ಕೆ ಹಾಕುವ, ಕುತ್ತಿಗೆ ತಿರುಚುವ ಕೋಳಿಯನ್ನು “ಸಾಯುವ ಮುಂಚೆ ಕೊಯ್ದುಬಿಡೋಣ” ಎಂದು ಕೊಯ್ಯಬಾರದು. ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ಅದಕ್ಕಿಂತ ಕೆಟ್ಟದ್ದೂ ಇರಬಹುದು. 2025ರಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದು ನಮ್ಮ ಭಾಗದವರಿಗೆಲ್ಲ ನೆನಪಿದೆ. ಹಕ್ಕಿಜ್ವರ ಮನುಷ್ಯರಿಗೆ ಅಂಟುವುದು ಹೆಚ್ಚಾಗಿ ಇಂಥ ಕೋಳಿಯನ್ನು ಕೊಯ್ದು, ಪುಕ್ಕ ಕೀಳುವ ಕೈಗಳ ಮೂಲಕ. ನಾಲ್ಕಾರು ಕೋಳಿ ಒಟ್ಟಿಗೆ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಔಷಧ ಹಾಕಿದ್ದರೆ ಅದರ ಅಂಶ ಮೈಯಿಂದ ಹೋಗಲು ಎಷ್ಟು ದಿನ ಬಿಡಬೇಕೆಂದು ಪಶುವೈದ್ಯರನ್ನೇ ಕೇಳಿ.

ಗುಂಡಿಯನ್ನು ಹಿಂದಿನ ಸಂಜೆಯೇ ತೋಡಿಸಿಡಿ. ಮೊಣಕಾಲಿಗಿಂತ ಆಳವಿರಲಿ, ಬಾವಿ, ಬೋರ್‌ವೆಲ್‌ಗಳಿಂದ ದೂರವಿರಲಿ. ಪುಕ್ಕ, ಕರುಳು, ತಲೆ ಹಾಕಿ, ಮೇಲೆ ಸುಣ್ಣ ಎರಚಿ, ಮಣ್ಣು ಮುಚ್ಚಿ, ಒಂದು ಚಪ್ಪಡಿ ಕಲ್ಲು ಹೇರಿ. ನಾವು ಮೊದಲ ಸಲ ಕಲ್ಲು ಇಡಲಿಲ್ಲ. ಮರುದಿನ ಬೆಳಿಗ್ಗೆ ನಾಯಿಗಳು ಅಗೆದು ಓಣಿಯ ತುಂಬ ಬಿಳಿ ಪುಕ್ಕ ಹಾರಾಡುತ್ತಿತ್ತು, ಅತ್ತೆ ಪೊರಕೆ ಹಿಡಿದು ನಾಲ್ಕು ಮನೆಗಳ ಮುಂದೆ ಗುಡಿಸಿ ಬಂದರು.